ಏಳು ಸುತ್ತಿನ ಸುರುಳಿ

ಉಷ್ಣವಿಜ್ಞಾನದ ಪ್ರಯೋಗ ಪಾಠವನ್ನು ಮೂವತ್ತಾರು ವರ್ಷ ಒಂದೇ ಕೋಣೆಯಲ್ಲಿ ನಡೆಸಿ ಈಚೆಗೆ ನಿವೃತ್ತರಾದ ನಮ್ಮ ಮೇಷ್ಟ್ರು ಗ್ರಂಥಗಳನ್ನು ಬರೆದವರಲ್ಲ, ಸಭೆಗಳಲ್ಲಿ ಮಿಂಚಿದವರೂ ಅಲ್ಲ. ಆದರೆ ಈ ತಾಂತ್ರಿಕ ಶಾಲೆಯಿಂದ ಹೊರಬಿದ್ದು ಇಂದು ಬಾಯ್ಲರು, ಕುಲುಮೆ, ಎಂಜಿನುಗಳ ನಡುವೆ ದುಡಿಯುತ್ತಿರುವ ನೂರಾರು ಮಂದಿ ಬೆಂಕಿಯನ್ನು ನೋಡುವ ಮೊದಲು ಅದರ ಸದ್ದನ್ನು ಕೇಳುತ್ತಾರೆ. ಹಳದಿ ಜ್ವಾಲೆ ಕಂಡರೆ ಕೈ ತಾನಾಗಿ ಕವಾಟದ ಕಡೆ ಹೋಗುತ್ತದೆ. ಆ ಕಿವಿಯನ್ನೂ ಆ ಕೈಯನ್ನೂ ಕೊಟ್ಟವರು ಅವರು. ಒಂದು ಕ್ಷೇತ್ರದಲ್ಲಿ ಒಬ್ಬರ ಸ್ಥಾನವನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲವೆಂದು ತೋರುತ್ತದೆ.

ಅವರ ಇನ್ನೊಂದು ಖ್ಯಾತಿ, ಕೂರಲಾರದವರು ಎಂಬುದು. ತರಗತಿಯಲ್ಲಿ ಕುರ್ಚಿಯಿತ್ತು, ಅದರ ಮೇಲೆ ಮೂವತ್ತಾರು ವರ್ಷವೂ ಹಾಜರಿ ಪುಸ್ತಕವೇ ಕೂತಿತ್ತು. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅವರು ಓಡಾಡಿ ಸಿಮೆಂಟು ನೆಲದಲ್ಲಿ ಒಂದು ನುಣುಪಾದ ದಾರಿಯೇ ಬಿದ್ದಿದೆ. "ರೀ, ಉಂಡ ಅನ್ನ ಹೊಟ್ಟೆಗೆ ಇಳಿಯೋಕಾದ್ರೂ ಒಂದು ಗಳಿಗೆ ಕೂತ್ಕೊಳ್ಳಿ. ಅದಕ್ಕೂ ನಿಮ್ಮ ಹಿಂದೆ ಓಡಿ ಓಡಿ ಸಾಕಾಗಿರುತ್ತೆ" ಎಂದು ಅವರ ಮನೆಯಾಕೆ ಹೇಳುವುದನ್ನು ಕೇಳದ ಶಿಷ್ಯರಿಲ್ಲ.

ಅಂಥ ಮನುಷ್ಯ ಸುಮ್ಮನೆ ನಿಲ್ಲುತ್ತಿದ್ದುದು ಒಂದೇ ವಸ್ತುವಿನ ಮುಂದೆ. ಪ್ರಯೋಗಾಲಯದ ಉತ್ತರದ ಗೋಡೆಗೆ ಒತ್ತಿಕೊಂಡಿರುವ ಹಿತ್ತಾಳೆಯ ಹಳೆಯ ಪೆಟ್ರೋಲ್ ಆವಿಯ ಬರ್ನರ್ ಅದು. ಕುದುರೆಯಿಲ್ಲದ ಬಂಡಿಗಳು ಹಬೆಯಿಂದ ಓಡುತ್ತಿದ್ದ ಕಾಲದಲ್ಲಿ ಅವುಗಳ ಬಾಯ್ಲರನ್ನು ಕಾಯಿಸಲು ಮಾಡುತ್ತಿದ್ದ ಮಾದರಿ. ಅದನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಪೆಟ್ರೋಲು ದ್ರವವಾಗಿಯೇ ಉರಿದರೆ ಹಳದಿ ಜ್ವಾಲೆ, ಮಸಿ, ಅಪಾಯ. ಅದನ್ನು ಮೊದಲು ಆವಿ ಮಾಡಿ, ಗಾಳಿಯೊಂದಿಗೆ ಬೆರೆಸಿ ಉರಿಸಿದರೆ ನೀಲಿ ಜ್ವಾಲೆ, ಭಾರಿ ಕಾವು. ಹಾಗಾಗಿ ನೆಲದ ಮೇಲಿನ ಡಬ್ಬಿಯಲ್ಲಿ ಪೆಟ್ರೋಲು ತುಂಬಿ ಕೈಪಂಪಿನಿಂದ ಗಾಳಿ ಒತ್ತುತ್ತಾರೆ. ಆ ಒತ್ತಡಕ್ಕೆ ಪೆಟ್ರೋಲು ತೆಳು ಕೊಳವೆಯಲ್ಲಿ ಮೇಲೇರಿ, ಜ್ವಾಲೆಯ ಮೇಲೇ ಸುತ್ತಿಟ್ಟ ತಾಮ್ರದ ಸುರುಳಿಯೊಳಗೆ ಹರಿದು, ಅಲ್ಲಿ ಕಾದು ಆವಿಯಾಗುತ್ತದೆ. ಆವಿ ಸೂಜಿ ಕವಾಟ ದಾಟಿ, ಜೆಟ್ ಎಂಬ ಕೂದಲೆಳೆಯಷ್ಟು ತೂತಿನಿಂದ ಚಿಮ್ಮಿ, ತನ್ನೊಡನೆ ಗಾಳಿಯನ್ನು ಎಳೆದುಕೊಂಡು, ತೂತುಗಳ ತಟ್ಟೆಯ ಮೇಲೆ ಉರಿಯುತ್ತದೆ. ಆ ಉರಿಯೇ ಮತ್ತೆ ಸುರುಳಿಯನ್ನು ಕಾಯಿಸುತ್ತದೆ. ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುವ ಬೆಂಕಿ. ಆದರೆ ಮೊದಲ ತುತ್ತನ್ನು ಯಾರಾದರೂ ತಿನ್ನಿಸಬೇಕಲ್ಲ? ಅದಕ್ಕೆ ಸುರುಳಿಯ ಕೆಳಗೆ ಒಂದು ಬಟ್ಟಲು. ಅದರಲ್ಲಿ ಸ್ಪಿರಿಟ್ ಸುರಿದು ಹಚ್ಚಿ, ಸುರುಳಿ ಕಾಯುವವರೆಗೆ ಏಳು ನಿಮಿಷ ಕಾಯಬೇಕು. ಆರನೆಯ ನಿಮಿಷದಲ್ಲಿ ಕವಾಟ ತೆರೆದರೆ ಹಸಿ ಪೆಟ್ರೋಲೇ ಹೊರಬಂದು ಬೆಂಕಿ ತಲೆಯೆತ್ತರ ಏಳುತ್ತದೆ.

ಈ ಕಾಯುವಿಕೆಯ ಪಾಠವನ್ನು, ಕಾಯಲಾರದ ಮನುಷ್ಯ, ವರ್ಷವರ್ಷವೂ ತಂಡ ತಂಡಕ್ಕೆ ಕಲಿಸುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವುದು ಅವರ ಪದ್ಧತಿ. ಬರ್ನರ್ ಹಚ್ಚುವವನ ಹೊರತು ಯಾರೂ ಗೆರೆ ದಾಟುವಂತಿಲ್ಲ. ಪ್ರಿನ್ಸಿಪಾಲರು ಬಂದರೂ ಗೆರೆಯ ಹಿಂದೆಯೇ. ಎಡಗೈ ವಿದ್ಯಾರ್ಥಿನಿಯೊಬ್ಬಳು ಕವಾಟ ತಿರುಗಿಸಲು ತಡವರಿಸಿದ್ದನ್ನು ಕಂಡು, ಮರುದಿನ ಬೆಳಗಾಗುವಷ್ಟರಲ್ಲಿ ಹಿಡಿಯನ್ನು ಎರಡೂ ಕಡೆಯಿಂದ ಹಿಡಿಯುವಂತೆ ಬದಲಿಸಿದ್ದರು. ಗೆಳೆಯನ ಅಂಕಿಗಳನ್ನು ನಕಲು ಮಾಡಿ ಸಿಕ್ಕಿಬಿದ್ದ ಒಬ್ಬನನ್ನು ಬೈಯಲಿಲ್ಲ. ರಜಾದಿನ ಕರೆಸಿ, ಮನೆಯಿಂದ ಇಬ್ಬರಿಗೂ ಊಟದ ಡಬ್ಬಿ ತಂದು, ತಾವೇ ಗಡಿಯಾರ ಹಿಡಿದು ನಿಂತು ಪ್ರಯೋಗವನ್ನು ಮೊದಲಿನಿಂದ ಮಾಡಿಸಿದರು. "ಊಹೆ ಅನ್ನೋದು ಅಳತೆ ಅಲ್ಲಪ್ಪ. ಒಳಗೇನಿದೆ ಅಂತ ಗೊತ್ತಿಲ್ಲದಿದ್ರೆ ತೆಗೆದು ನೋಡು" ಎಂಬುದು ಅವರ ಮಾತು. ಆ ಮಾತನ್ನು ಹೇಳುವಾಗ ಅವರ ಕಣ್ಣು ತಪ್ಪದೆ ಗೋಡೆಯ ಮೊಳೆಯೊಂದರ ಕಡೆ ಹೋಗುತ್ತಿತ್ತು. ಯಾಕೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಆ ಮೊಳೆಯಲ್ಲಿ ಕಪ್ಪುಗಟ್ಟಿದ ಒಂದು ತಾಮ್ರದ ಸುರುಳಿ ಹತ್ತೊಂಬತ್ತು ವರ್ಷ ತೂಗಿತ್ತು.

ಈ ಅಭಿನಂದನ ಸಂಪುಟದ ವಿಷಯ ತಿಳಿದಾಗ ಮೇಷ್ಟ್ರು ಇಟ್ಟ ಷರತ್ತು ಒಂದೇ: "ಹೊಗಳೋರು ಹೊಗಳಿ. ಆದ್ರೆ ಸುರುಳಿ ವಿಷಯ ಬಿಟ್ಟು ಹೊಗಳಿದ್ರೆ ನಾನು ಸಮಾರಂಭಕ್ಕೇ ಬರೋಲ್ಲ." ಮುಂದಿನದು ಅವರೇ ಓಡಾಡುತ್ತ ಹೇಳಿ ಬರೆಸಿದ್ದು, ತಿದ್ದಿದ್ದೂ ಅವರೇ.

ಬರ್ನರಿನ ಮೂಲ ಸುರುಳಿಗೆ ಐದು ಸುತ್ತು. ಸೇವೆಯ ಹದಿನೇಳನೆಯ ವರ್ಷದಲ್ಲಿ ಮೇಷ್ಟ್ರಿಗೆ ಆ ಏಳು ನಿಮಿಷ ಸಹಿಸದಾಯಿತು. ದಿನಕ್ಕೆ ಮೂರು ತಂಡ, ಇಪ್ಪತ್ತೊಂದು ನಿಮಿಷ ವ್ಯರ್ಥ ಎಂದು ಲೆಕ್ಕ ಹಾಕಿ, ಇನ್ನೆರಡು ಸುತ್ತು ಸೇರಿಸಿದ ಹೊಸ ಸುರುಳಿಯೊಂದನ್ನು ವಿನ್ಯಾಸ ಮಾಡಿದರು. ಆ ಎರಡು ಸುತ್ತು ತಟ್ಟೆಗೆ ತೀರ ಹತ್ತಿರ, ಜ್ವಾಲೆಯ ನಾಲಿಗೆಯ ಮೇಲೇ. ನಾಲ್ಕೇ ನಿಮಿಷದಲ್ಲಿ ಬರ್ನರ್ ಹೊತ್ತಿತು. ಅಂದು ಅವರು ಸಹೋದ್ಯೋಗಿಗಳಿಗೆಲ್ಲ ಚಹಾ ಕುಡಿಸಿದರು.

ಸುರುಳಿಯನ್ನು ಬಾಗಿಸಿ ಬೆಸೆದು ಕೊಟ್ಟವರು ಪ್ರಯೋಗಾಲಯದ ಫಿಟ್ಟರು. ವಯಸ್ಸಿನಲ್ಲಿ ಮೇಷ್ಟ್ರಿಗಿಂತ ಒಂದು ವರ್ಷ ಚಿಕ್ಕವರಾದರೂ ಮೇಷ್ಟ್ರೂ ಸೇರಿ ಎಲ್ಲರಿಗೂ ಅವರು ಫಿಟ್ಟರಣ್ಣ. ತಾಮ್ರವನ್ನು ಬಾಗಿಸುವಾಗ ಅವರು ಹೇಳಿದ್ದಿಷ್ಟು: "ಸಾರ್, ಹಳೇ ಕಾಲದೋರು ಐದೇ ಸುತ್ತು ಹಾಕಿದಾರೆ ಅಂದ್ರೆ ಅವರಿಗೇನು ತಾಮ್ರ ಸಿಕ್ತಿರಲಿಲ್ವಾ?"

"ಅವರಿಗೆ ಟೈಮ್ ಇತ್ತು ಫಿಟ್ಟರಣ್ಣ. ನಮಗೆಲ್ಲಿದೆ?" ಎಂದರು ಮೇಷ್ಟ್ರು.

ಮೂರು ತಿಂಗಳು ಎಲ್ಲ ಸರಿಯಿತ್ತು. ಒಂದು ದಿನ ಹದಿನಾರು ವಿದ್ಯಾರ್ಥಿಗಳ ಮುಂದೆ ಜ್ವಾಲೆ ಕುಗ್ಗತೊಡಗಿತು. ಫಿಟ್ಟರಣ್ಣ ಪಂಪು ಒತ್ತಿದರು, ಕವಾಟವನ್ನು ಇನ್ನಷ್ಟು ತೆರೆದರು. ಕುಗ್ಗಿದ ಜ್ವಾಲೆಯಿಂದ ಸುರುಳಿ ತಣ್ಣಗಾಗಿತ್ತು; ಪೆಟ್ರೋಲು ಆವಿಯಾಗದೆ ಹಸಿಯಾಗಿಯೇ ಚಿಮ್ಮಿತು. ಹಳದಿ ಬೆಂಕಿ ಸೂರು ಮುಟ್ಟಿತು. ಗೆರೆಯ ಹಿಂದಿದ್ದ ಹದಿನಾರು ಜನಕ್ಕೆ ಏನೂ ಆಗಲಿಲ್ಲ. ಗೆರೆಯೊಳಗಿದ್ದ ಒಬ್ಬರು, ಉರಿಯುತ್ತಿದ್ದ ಕೈಯಲ್ಲೇ ಡಬ್ಬಿಯ ಒತ್ತಡ ಬಿಟ್ಟು ಬೆಂಕಿ ಆರಿಸಿದರು. ಫಿಟ್ಟರಣ್ಣನ ಬಲಗೈಯ ಚರ್ಮ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು.

ಮೂವರ ವಿಚಾರಣಾ ಸಮಿತಿ ಕೂತಿತು. ಸುರುಳಿಯಲ್ಲಿ ಗಾಳಿ ಊದಿದರೆ ಆಚೆ ಬರಲಿಲ್ಲ, ಉಳಿದಿದ್ದ ಕಿಂಡಿಯೂ ಆ ಬೆಂಕಿಯಲ್ಲಿ ಮುಚ್ಚಿ ಪೂರ್ತಿ ಕಟ್ಟಿಕೊಂಡಿತ್ತು. ಜೆಟ್ಟಿನ ಬಾಯಲ್ಲಿ ಎರಡು ತುಕ್ಕಿನ ಕಣ ಸಿಕ್ಕವು. ಪೆಟ್ರೋಲನ್ನು ಮೆದು ಚರ್ಮದಲ್ಲಿ ಸೋಸಿಯೇ ಡಬ್ಬಿಗೆ ತುಂಬಬೇಕೆಂಬುದು ನಿಯಮ. ಫಿಟ್ಟರಣ್ಣ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಜ ಹೇಳಿದರು: "ಆವತ್ತು ಸೋಸಿರ್ಲಿಲ್ಲ. ಚರ್ಮ ಒದ್ದೆಯಾಗಿತ್ತು, ಒಣಗೋಕೆ ಹಾಕಿದ್ದೆ." ಸಮಿತಿಗೆ ಅಷ್ಟೇ ಸಾಕಾಯಿತು. ಸೋಸದ ಪೆಟ್ರೋಲಿನ ಕಸದಿಂದ ಸುರುಳಿ ಕಟ್ಟಿಕೊಂಡಿತೆಂದು ವರದಿಯಾಯಿತು. ಫಿಟ್ಟರಣ್ಣನಿಗೆ ಉಗ್ರಾಣಕ್ಕೆ ವರ್ಗವಾಯಿತು. ಎರಡು ಹೆಚ್ಚಿನ ಸುತ್ತುಗಳ ವಿಷಯವನ್ನು ಮೇಷ್ಟ್ರನ್ನು ಯಾರೂ ಕೇಳಲಿಲ್ಲ. ಕೇಳದೆ ಅವರೂ ಹೇಳಲಿಲ್ಲ. ವರದಿಯ ಕೆಳಗೆ ಅವರ ಸಹಿಯೂ ಇದೆ.

ಸಹಿ ಹಾಕಿದ ಎರಡು ವಾರಕ್ಕೆ, ಚಹಾ ಲೋಟದ ತಳದಲ್ಲಿ ಕಟ್ಟಿದ ಕಂದು ಪದರ ನೋಡುತ್ತಿದ್ದಾಗ, ಅವರಿಗೆ ಅನುಮಾನ ಹುಟ್ಟಿತು. ಪೆಟ್ರೋಲು ಅತಿಯಾಗಿ ಕಾದರೆ ಆವಿಯಾಗಿ ನಿಲ್ಲುವುದಿಲ್ಲ. ತಾನೇ ಒಡೆದು ಕೊಳವೆಯ ಒಳಗೋಡೆಗೆ ಇದ್ದಿಲಾಗಿ ಕಟ್ಟುತ್ತದೆ. ತಿಳಿಯುವ ದಾರಿ ಸುಲಭ. ಹೊರಗಿನ ಕಸವಾದರೆ ಅದು ದ್ರವ ಆವಿಯಾಗುವ ಮೊದಲ ಸುತ್ತುಗಳಲ್ಲೇ ಉಳಿದಿರಬೇಕು. ಇದ್ದಿಲಾದರೆ ಜ್ವಾಲೆಗೆ ತೀರ ಹತ್ತಿರದ ಕೊನೆಯ ಎರಡು ಸುತ್ತುಗಳಲ್ಲಿ. ಸುರುಳಿಯನ್ನು ಕುಯ್ದು ನೋಡಿದರೆ ತಪ್ಪು ಫಿಟ್ಟರಣ್ಣನ ಸೋಸುವಿಕೆಯದೋ ತಮ್ಮ ವಿನ್ಯಾಸದ್ದೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಅವರು ಕುಯ್ಯಲಿಲ್ಲ. ಬರ್ನರಿಗೆ ಸದ್ದಿಲ್ಲದೆ ಐದು ಸುತ್ತಿನ ಹಳೆಯ ಸುರುಳಿಯನ್ನೇ ಮತ್ತೆ ಕೂರಿಸಿ, ಏಳು ಸುತ್ತಿನದನ್ನು ಮೊಳೆಗೆ ನೇತುಹಾಕಿದರು. ಅದು ವಿಚಾರಣೆಯ ಪುರಾವೆ, ಕೆಡಿಸಬಾರದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕಾಲುಗಳಿಗೆ ಆ ಸಮಾಧಾನ ಸಾಲಲಿಲ್ಲ. ನೆಲದ ಮೇಲಿನ ಆ ನುಣುಪು ದಾರಿಯಲ್ಲಿ ಮುಕ್ಕಾಲು ಪಾಲು ಆಮೇಲೆ ಬಿದ್ದದ್ದು ಎನ್ನುತ್ತಾರೆ ಅವರು.

ಉಗ್ರಾಣ ಇದ್ದದ್ದು ಅಂಗಳದ ಆಚೆ, ಅರವತ್ತು ಹೆಜ್ಜೆ. ಫಿಟ್ಟರಣ್ಣ ಪ್ರತಿ ತಿಂಗಳು ಪ್ರಯೋಗಾಲಯದ ಪೆಟ್ರೋಲ್ ಕ್ಯಾನನ್ನು ತಾವೇ ಹೊತ್ತು ತಂದು ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ 'ಮೂರು ಸಲ ಸೋಸಿದೆ' ಎಂದು ಬರೆದಿರುತ್ತಿತ್ತು. ಒಂದು ಸಲ ಸೋಸಿದರೆ ಸಾಕು, ಅದೂ ಈಗ ಅವರ ಕೆಲಸವಲ್ಲ. ಹತ್ತೊಂಬತ್ತು ವರ್ಷ, ತಿಂಗಳಿಗೊಂದರಂತೆ, ಆ ಮೂರು ಪದಗಳನ್ನು ಮೇಷ್ಟ್ರು ಒದ್ದೆ ಬಟ್ಟೆಯಿಂದ ಒರೆಸಿದರು. ಫಿಟ್ಟರಣ್ಣ ಮನೆಯಲ್ಲಿ ಬೆಂಕಿಕಡ್ಡಿಯನ್ನೂ ಮುಟ್ಟುವುದಿಲ್ಲ, ಆ ಹದಿನಾರು ಮಕ್ಕಳಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ ಎಂದು ನಿದ್ದೆಯಲ್ಲಿ ಬೆಚ್ಚುತ್ತಾರೆ ಎಂಬುದನ್ನು ಅವರ ಹೆಂಡತಿ ಮೇಷ್ಟ್ರ ಮನೆಯಾಕೆಗೆ ಹೇಳಿದ್ದರು. ಮನೆಯಾಕೆ ಅದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಮೇಷ್ಟ್ರು ಅರ್ಧಕ್ಕೇ ಎದ್ದು ಕೈ ತೊಳೆದರಂತೆ.

ಹೀಗೆಯೇ ನಿವೃತ್ತಿಯಾಗಿಬಿಡುತ್ತಿತ್ತೋ ಏನೋ. ತಡೆದದ್ದು ವಸ್ತುಪಟ್ಟಿಯ ಒಂದು ಖಾಲಿ ಜಾಗ. ಹೋಗುವವರು ಬರುವವರಿಗೆ ಪ್ರಯೋಗಾಲಯದ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ ಒಪ್ಪಿಸಬೇಕು; ಕೆಟ್ಟದ್ದಿದ್ದರೆ ಎದುರಿಗೆ ಕಾರಣ ಬರೆಯಬೇಕು. ಅವರ ಜಾಗಕ್ಕೆ ಬಂದವರು ಅವರ ಶಿಷ್ಯೆಯೇ, ಹಿಂದೆ ಎಡಗೈಯಲ್ಲಿ ಕವಾಟ ತಿರುಗಿಸಲು ತಡವರಿಸಿದ್ದ ಹುಡುಗಿ, ಈಗ ಉಪನ್ಯಾಸಕಿ. ನಲವತ್ತೊಂದನೆಯ ಸಾಲಿಗೆ ಬಂದು ಅವರು ಪೆನ್ನು ಎತ್ತಿ ಹಿಡಿದರು.

"ಸರ್, ತಾಮ್ರದ ಸುರುಳಿ, ಏಳು ಸುತ್ತು, ಕಟ್ಟಿಕೊಂಡಿದೆ. ಕಾರಣ ಏನು ಬರೀಲಿ?"

ಮೇಷ್ಟ್ರು ಕಿಟಕಿಗೆ ಹೋಗಿ ಬಂದರು. "ವರದಿಯಲ್ಲಿ ಕಸ ಅಂತ ಇದೆ."

"ವರದಿಯಲ್ಲಿರೋದು ಗೊತ್ತು ಸರ್. ಒಳಗೇನಿದೆ ಅಂತ ನೀವು ತೆಗೆದು ನೋಡಿದೀರಾ?"

ತಮ್ಮದೇ ಮಾತು ಎದುರಿಗೆ ಬಂದು ನಿಂತಾಗ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವರು ಮೊಳೆಯಿಂದ ಸುರುಳಿಯನ್ನು ಇಳಿಸಿದರು.

ಹತ್ತೊಂಬತ್ತು ವರ್ಷ ಒಣಗಿದ ಕೊಳವೆಯಲ್ಲಿ ಪೆಟ್ರೋಲಿನ ವಾಸನೆಯೂ ಉಳಿದಿರಲಿಲ್ಲ. ಆದರೂ ಎರಡೂ ತುದಿಯಿಂದ ನೀರು ತುಂಬಿಯೇ ಗರಗಸಕ್ಕೆ ಒಡ್ಡಿದರು, ಪದ್ಧತಿ ಪದ್ಧತಿಯೇ. ಮೇಜಿನ ಇಕ್ಕಳದಲ್ಲಿ ಬಿಗಿದು, ಪೆಟ್ರೋಲು ಒಳಹೋಗುವ ತುದಿಯಿಂದ ಶುರುಮಾಡಿದರು. ಮೊದಲ ಸುತ್ತು ಬಿಡಿಯಾಗಿ ಕೈಗೆ ಬಂತು. ಉಪನ್ಯಾಸಕಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಎರಡನೆಯದರ ತಳದಲ್ಲಿ ಒಂದಿಷ್ಟು ಕೆಂಪು ಧೂಳು, ಉಗುರಿಗೆ ಹತ್ತುವಷ್ಟೂ ಇಲ್ಲ. ಮೂರನೆಯದು ಸ್ವಚ್ಛ. ಕುಯ್ಯುತ್ತ ಹೋದಂತೆ ಮೇಷ್ಟ್ರ ಕಾಲುಗಳು ನೆಲಕ್ಕೆ ಅಂಟಿಕೊಂಡವು, ಕೈ ಮಾತ್ರ ಆಡುತ್ತಿತ್ತು. ಕಸ ಸಿಗಲೆಂದು ತಾವು ಒಳಗೊಳಗೇ ಬೇಡುತ್ತಿದ್ದುದು ನಾಲ್ಕನೆಯ ಸುತ್ತಿನ ಹೊತ್ತಿಗೆ ಅವರಿಗೆ ಅರಿವಾಯಿತು; ನಾಚಿಕೆಯಾಯಿತು.

"ಐದನೇದೂ ಕ್ಲೀನ್ ಸರ್."

"ಇನ್ನೂ ಎರಡಿದೆಯಲ್ಲಮ್ಮ. ಆ ಎರಡೂ ನನ್ನವೇ."

ಆರನೆಯ ಸುತ್ತಿಗೆ ಗರಗಸ ಇಳಿದಾಗ ಸದ್ದೇ ಬದಲಾಯಿತು. ತಾಮ್ರದ ಮೆದು ಸದ್ದು ಹೋಗಿ ಕಲ್ಲು ಕೊರೆದಂತಾಯಿತು. ಬಿಡಿಯಾದ ತುಂಡಿನೊಳಗೆ ಕಪ್ಪು ಇದ್ದಿಲು, ಮರದ ಉಂಗುರಗಳಂತೆ ಪದರ ಪದರವಾಗಿ ಬೆಳೆದು ನಡುವಿನ ತೂತನ್ನೂ ಮುಚ್ಚಿತ್ತು. ಏಳನೆಯದೂ ಹಾಗೇ.

ಮೇಷ್ಟ್ರು ಏಳೂ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಳ ದಾಟಿದರು. ಅರವತ್ತು ಹೆಜ್ಜೆಯ ದಾರಿಯಲ್ಲಿ ಎರಡು ಸಲ ಹಿಂತಿರುಗಿದರಂತೆ.

"ಏನ್ ಸಾರ್, ಇವತ್ತು ಕಾಲು ಈ ಕಡೆ ತಿರುಗಿದೆ? ದಾರಿ ತಪ್ಪಿತಾ?" ಎಂದರು ಫಿಟ್ಟರಣ್ಣ, ಉಗ್ರಾಣದ ಕಟ್ಟೆಯ ಹಿಂದಿನಿಂದ.

ಮೇಷ್ಟ್ರು ಕರವಸ್ತ್ರ ಬಿಚ್ಚಿ ತುಂಡುಗಳನ್ನು ಸಾಲಾಗಿ ಜೋಡಿಸಿದರು. ಫಿಟ್ಟರಣ್ಣನ ನಗು ನಿಂತಿತು. ತಾವೇ ಬಾಗಿಸಿದ ತಾಮ್ರವನ್ನು ಅವರು ಗುರುತಿಸದಿರುತ್ತಾರೆಯೇ?

"ಒಳಗೆ ಹೋಗೋ ಬಾಯಿ ಯಾವ ಕಡೇದು?"

"ಈ ಕಡೇದು."

ಫಿಟ್ಟರಣ್ಣ ಒಂದೊಂದನ್ನೇ ಎತ್ತಿ ಕಿಟಕಿಯ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗಿನ ಬಾಗು ಹೊಳೆಯುವುದನ್ನು ನೋಡಿದರು. ಐದರಲ್ಲೂ ತಾಮ್ರ ಹೊಳೆಯಿತು. ಆರನೆಯದನ್ನು ಬಹಳ ಹೊತ್ತು ಹಿಡಿದಿದ್ದರು. ಆಮೇಲೆ, ತಪ್ಪೊಪ್ಪಿಕೊಳ್ಳುವ ಅಭ್ಯಾಸವೇ ಮುಂದಾಗಿ, "ಆದ್ರೂ ಸಾರ್, ಆವತ್ತು ನಾನು ಸೋಸಿರ್ಲಿಲ್ಲ" ಎಂದರು.

"ಸೋಸಿದ್ರೂ ಇದೇ ಆಗ್ತಿತ್ತು ಫಿಟ್ಟರಣ್ಣ. ನೂರು ಸಲ ಸೋಸಿದ್ರೂ ಆಗ್ತಿತ್ತು. ತಪ್ಪು ನನ್ನದು."

ಫಿಟ್ಟರಣ್ಣ ಅಂಗಿಯ ತೋಳನ್ನು ಮೇಲೇರಿಸಿ, ಸುಕ್ಕುಗಟ್ಟಿದ ಕೈಯನ್ನು ಬೇರೆ ಯಾರದೋ ವಸ್ತುವನ್ನು ನೋಡುವಂತೆ ತಿರುಗಿಸಿ ನೋಡಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಬರೀ ಗಾದೆ ಅಂದ್ಕೊಂಡಿದ್ದೆ." ತೋಳನ್ನು ಇಳಿಸಿಕೊಂಡು ಕೇಳಿದರು: "ಇದನ್ನ ಕುಯ್ಯೋಕೆ ಹತ್ತೊಂಬತ್ತು ವರ್ಷ ಬೇಕಾಯ್ತಾ ಸಾರ್? ಗರಗಸ ಇರ್ಲಿಲ್ಲ ಅಂದಿದ್ರೆ ನಾನೇ ಕೊಡ್ತಿದ್ನಲ್ಲ. ಇಲ್ಲೇ ಇತ್ತು, ಎರಡನೇ ಕಪಾಟಲ್ಲಿ."

ಫಿಟ್ಟರಣ್ಣ ಬೆನ್ನು ತಿರುಗಿಸಿ ಬೋಲ್ಟುಗಳನ್ನು ಎಣಿಸತೊಡಗಿದರು.

ಮರುದಿನವೇ ಮೇಷ್ಟ್ರು ಹಳೆಯ ವರದಿಯನ್ನು ತಿದ್ದಬೇಕೆಂದು ಪ್ರಿನ್ಸಿಪಾಲರಿಗೆ ಪತ್ರ ಬರೆದರು. "ಇನ್ನು ಎಂಟು ದಿನದಲ್ಲಿ ಹಾರ ಹಾಕಿಸ್ಕೊಂಡು ಹೋಗೋರು ನೀವು. ಸತ್ತ ಹಾವನ್ನ ಯಾಕೆ ಬಡೀತೀರಿ?" ಎಂದರು ಪ್ರಿನ್ಸಿಪಾಲರು. "ಹಾವು ಸತ್ತಿಲ್ಲ ಸಾರ್. ಉಗ್ರಾಣದಲ್ಲಿ ಒಬ್ಬರ ಕೊರಳಿಗೆ ಸುತ್ತಿಕೊಂಡು ಕೂತಿದೆ" ಎಂದು ಮೇಷ್ಟ್ರು ಕದಲದೆ ನಿಂತರು. ತಿದ್ದುಪಡಿಯ ಆದೇಶ ನಾಲ್ಕನೆಯ ದಿನ ಹೊರಟಿತು. ಒಂದು ಪ್ರತಿ ಉಗ್ರಾಣಕ್ಕೂ ಹೋಯಿತು. ಅತ್ತ ಕಡೆಯಿಂದ ಮಾತಿಲ್ಲ. ಆ ದಿನಗಳಲ್ಲಿ ಮೇಷ್ಟ್ರು ಮನೆಯಲ್ಲಿ ಎಷ್ಟು ಓಡಾಡಿದರೆಂದರೆ, ಮನೆಯಾಕೆ ದಾರಿಗೆ ಅಡ್ಡವಾಗಿ ಕುರ್ಚಿ ಹಾಕಿ ತಾವೇ ಕೂತರು. "ಅವರನ್ನ ಹತ್ತೊಂಬತ್ತು ವರ್ಷ ಕಾಯಿಸಿದೀರಿ. ನಾಲ್ಕು ದಿನ ನೀವೂ ಕಾಯ್ರಿ" ಎಂದರು.

ಕೊನೆಯ ಕೆಲಸದ ದಿನ, ಕೊನೆಯ ತಂಡ. ಹೊಸ್ತಿಲ ಹೊರಗೆ ಕ್ಯಾನು ಇಟ್ಟ ಸದ್ದಾಯಿತು. ಆದರೆ ಹೆಜ್ಜೆಗಳು ಹಿಂತಿರುಗಲಿಲ್ಲ. ಫಿಟ್ಟರಣ್ಣ ಬಾಗಿಲಲ್ಲಿ ನಿಂತಿದ್ದರು. ಕ್ಯಾನಿನ ಮೇಲೆ 'ಸೋಸಿದೆ' ಎಂಬ ಒಂದೇ ಪದವಿತ್ತು.

ಅವರು ಒಳಗೆ ಬಂದರು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಬಗ್ಗಿ, ನೆಲದ ಮೇಲೆ ಗೆರೆ ಎಳೆದರು. "ಸಾರ್, ಗೆರೆ ಹಿಂದೆ ನಿಂತ್ಕೊಳ್ಳಿ" ಎಂದರು.

ಮೇಷ್ಟ್ರು ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತರು. ಫಿಟ್ಟರಣ್ಣ ಪಂಪು ಒತ್ತಿದರು, ಬಟ್ಟಲಿಗೆ ಸ್ಪಿರಿಟ್ ಸುರಿದರು. ಬೆಂಕಿಕಡ್ಡಿ ಗೀರಿದರು. ಮೊದಲನೆಯದು ಮುರಿಯಿತು, ಎರಡನೆಯದು ಆರಿತು, ಮೂರನೆಯದು ಹೊತ್ತಿತು. ಆಮೇಲೆ ಕಾಯುವುದು. ಗಡಿಯಾರ ಐದು ನಿಮಿಷ ತೋರಿಸಿತು, ಆರು ತೋರಿಸಿತು, ಏಳಾಯಿತು. ಮೇಷ್ಟ್ರ ಕಾಲು ತಡೆಯಲಿಲ್ಲ. "ಫಿಟ್ಟರಣ್ಣ, ಆಯ್ತಲ್ಲ?"

"ಇನ್ನೊಂದು ನಿಮಿಷ ಸಾರ್. ಎಲ್ಲಿಗೆ ಓಡ್ಬೇಕು ನೀವು? ಇವತ್ತಿಗೆ ರಿಟೈರ್ಡ್."

ತರಗತಿ ನಕ್ಕಿತು. ಎಂಟನೆಯ ನಿಮಿಷಕ್ಕೆ ಫಿಟ್ಟರಣ್ಣ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿದರು. ಮೊದಲು ಸುಯ್ಯೆಂಬ ಸದ್ದು. ಅದನ್ನು ಕೇಳಿಯೇ ಮೇಷ್ಟ್ರು ಕಣ್ಣು ಮುಚ್ಚಿದರು. ಹಿಂದೆಯೇ ತಟ್ಟೆಯ ತುಂಬ ನೀಲಿ ಜ್ವಾಲೆ ಎದ್ದು ನಿಂತಿತು.

ಆ ಸಂಜೆ ಪಟ್ಟಿಯ ನಲವತ್ತೊಂದನೆಯ ಸಾಲಿನಲ್ಲಿ ಮೇಷ್ಟ್ರು ತಮ್ಮ ಕೈಯಿಂದಲೇ ಬರೆದ ಕಾರಣ ಹೀಗಿದೆ: 'ವಿನ್ಯಾಸ ಮಾಡಿದವನ ಆತುರ. ಕುಯ್ದು ನೋಡಲಾಗಿದೆ, ತಡವಾಗಿ.' ಏಳೂ ತುಂಡುಗಳನ್ನು ಅದೇ ಮೊಳೆಯ ಕೆಳಗೆ ಹಲಗೆಯ ಮೇಲೆ ಸಾಲಾಗಿ ಬಿಗಿಯಲಾಗಿದೆ. ಇನ್ನು ಮುಂದಿನ ತಂಡಗಳಿಗೆ ಅದೇ ಮೊದಲ ಪಾಠ.

ಈಗ ಮೇಷ್ಟ್ರು ಆವಿಯ ಬರ್ನರುಗಳ ಮೇಲೊಂದು ಕೈಪಿಡಿ ಬರೆಯುತ್ತಿದ್ದಾರೆ. ಪ್ರತಿ ಅಧ್ಯಾಯವೂ ಮೊದಲು ಉಗ್ರಾಣದ ಕಟ್ಟೆಗೆ ಹೋಗಿ, ಅಂಚಿನಲ್ಲಿ ಪೆನ್ಸಿಲಿನಿಂದ 'ಇಲ್ಲಿ ಅವಸರ' ಎಂಬ ಗುರುತು ಹೊತ್ತು ಹಿಂತಿರುಗುತ್ತದೆ. ಎಲ್ಲ ಮಾತೂ ಮುಗಿದಿದೆ ಎಂದೇನಲ್ಲ. ಒಂದೊಂದು ದಿನ ಫಿಟ್ಟರಣ್ಣ ಮಾತೇ ಆಡುವುದಿಲ್ಲವಂತೆ, ಆ ದಿನ ಮೇಷ್ಟ್ರು ಕಟ್ಟೆಯ ಎದುರಿನ ಸ್ಟೂಲಿನ ಮೇಲೆ ಸುಮ್ಮನೆ ಕೂತು ಬರುತ್ತಾರಂತೆ. ಹೌದು, ಕೂತು. ಅವರ ಮುಂದಿನ ವರ್ಷಗಳು ಆ ಕೊನೆಯ ದಿನದ ಎಂಟು ನಿಮಿಷದ ಹಾಗೆ ಅವಸರವಿಲ್ಲದೆ, ಬಹಳ ಬಹಳ ಬರಲಿ, ಕೈಪಿಡಿ ಮುಗಿಯಲಿ, ಅದರ ಕೊನೆಯ ಪುಟವನ್ನು ತಿದ್ದಲು ಆ ಪೆನ್ಸಿಲ್ ಹಿಡಿದ ಕೈಯೂ ಅಷ್ಟೇ ಕಾಲ ಗಟ್ಟಿಯಾಗಿರಲಿ.